ಎರಡನೆಯ ಹಾಫಿನ ಅಪರಾಧಿ

ಕಮರಿಪೇಟೆಯ ತರುಣ ಸಂಘ ಮತ್ತೆ ಸೋತಿತು. ಸುದ್ದಿಗಿಂತ ಮೊದಲು ಸಿದ್ದಲಿಂಗಪ್ಪನ ಟೊಪ್ಪಿಗೆ ಮನೆ ಮುಟ್ಟಿತು. ತಲಬಾಗಿಲಲ್ಲಿ ನಿಂತು ಅವನು ಒಗೆದ ಆ ಕರಿ ಟೊಪ್ಪಿಗೆ ಪಡಸಾಲೆ ದಾಟಿ, ನಡುಮನೆ ದಾಟಿ, ಅಡುಗೆಮನೆಯ ಹೊಸ್ತಿಲಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದ ಹೆಂಡತಿ ಮುರಿಗೆವ್ವನ ಮೊರದೊಳಗೆ ಹೋಗಿ ಬಿತ್ತು. (ಅಷ್ಟು ಗುರಿಯಿಟ್ಟ ಹೊಡೆತ ಆ ದಿನ ಮೈದಾನದಲ್ಲಿ ನಮ್ಮವರ ಪೈಕಿ ಒಬ್ಬನಿಂದಲೂ ಬಿದ್ದಿರಲಿಲ್ಲ.)

ಮುರಿಗೆವ್ವ ಟೊಪ್ಪಿಗೆಯನ್ನು ಎತ್ತಿ ಬದಿಗಿಟ್ಟಳು. "ಎಷ್ಟಕ್ಕ ಸೋತ್ರು?"

"ಸೋತ್ರು ಅನಬ್ಯಾಡ. ಸೋಲಿಸಿದ ಅನ್ನು. ನಿನ್ನ ತಮ್ಮ ಸೋಲಿಸಿದ."

"ಯಾಕ, ನನ್ನ ತಮ್ಮ ಎದುರು ಪಾರ್ಟಿಯೊಳಗ ಆಡಿದ್ನೇನು?"

"ಆಡಿದ್ದರ ಛಲೋ ಆಗ್ತಿತ್ತು. ಅವರು ಸೋಲ್ತಿದ್ರು."

ಸಿದ್ದಲಿಂಗಪ್ಪನಿಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬೆಲ್ಲ-ತುಪ್ಪದ ಅಂಗಡಿ. ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ಐದನೆಯದಕ್ಕೆ ಹೋಗದಿರಲು ಕಾರಣ ಒಂದು ಭಾಗಾಕಾರದ ವಿಷಯದಲ್ಲಿ ಮಾಸ್ತರರಿಗೂ ಅವನಿಗೂ ಹುಟ್ಟಿದ ಭಿನ್ನಾಭಿಪ್ರಾಯ. ಆ ಭಾಗಾಕಾರದಲ್ಲಿ ಮಾಸ್ತರರದೇ ತಪ್ಪು ಎಂದು ಇಂದು ನಲವತ್ತೇಳರ ವಯಸ್ಸಿನಲ್ಲೂ ಅವನು ಮೇಜು ಕುಟ್ಟಿ ಹೇಳಬಲ್ಲ. ಜನ್ಮದಲ್ಲಿ ಒಮ್ಮೆಯೂ ಫುಟ್‌ಬಾಲನ್ನು ಒದ್ದವನಲ್ಲ. ಆದರೆ ತರುಣ ಸಂಘವೆಂದರೆ ಅವನಿಗೆ ಪ್ರಾಣ. ಆರು ವರ್ಷ ಒಂದೇ ಸಮನೆ ಊರ ಶೀಲ್ಡನ್ನು ಕಮರಿಪೇಟೆಯಲ್ಲಿ ಇಟ್ಟುಕೊಂಡ ಸಂಘ ಅದು.

ಎರಡು ವರ್ಷದ ಹಿಂದೆ ಹಳೆಯ ಮ್ಯಾನೇಜರ ಮಹಾಂತಯ್ಯನವರು ಹೊಲ ನೋಡಿಕೊಳ್ಳಲು ಸುಳ್ಳ ಗ್ರಾಮಕ್ಕೆ ಹೋದರು. ಅವರ ಜಾಗಕ್ಕೆ ಮುರಿಗೆವ್ವನ ತಮ್ಮ ಅಡಿವೆಪ್ಪ ಬಂದ. ಕಚೇರಿಯಲ್ಲಿ ಕಾರಕೂನ, ತೆಳ್ಳಗಿನ ಮನುಷ್ಯ, ಮಾತೂ ತೆಳ್ಳಗೆ. ಅವನ ಹೆಸರು ಹೇಳಿ ತಂದವನು ಸಿದ್ದಲಿಂಗಪ್ಪನೇ. ಆ ಸಂಭ್ರಮದಲ್ಲಿ ತುಂಬಿದ ಸಭೆಯಲ್ಲಿ ಎದ್ದುನಿಂತು ಒಂದು ಘೋಷಣೆಯನ್ನೂ ಮಾಡಿದ್ದ: "ಇನ್ನ ಮ್ಯಾಲೆ ಮ್ಯಾಚಿನ ದಿವಸ ಹುಡುಗರ ಊಟ ನಮ್ಮ ಮನ್ಯಾಗ. ನಮ್ಮ ಮನಿ ಹುಡುಗ ಮ್ಯಾನೇಜರ ಆದ ಮ್ಯಾಲೆ ಆಟಗಾರರು ಅರಹೊಟ್ಟಿಲೆ ಆಡಿದರ ನನ್ನ ಮಾರಿ ಏನುಳೀತು?"

ಅಂದಿನಿಂದ ಪ್ರತಿ ಮ್ಯಾಚಿನ ಮಧ್ಯಾಹ್ನ ಹನ್ನೊಂದು ಜನ ಸಿದ್ದಲಿಂಗಪ್ಪನ ಪಡಸಾಲೆಯಲ್ಲಿ ಎಲೆಯ ಮುಂದೆ ಕೂಡುತ್ತಿದ್ದರು. ಆ ಪಂಕ್ತಿಯಲ್ಲಿ ಜಾತಿ ನೋಡುತ್ತಿರಲಿಲ್ಲ, ಜಾಗ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಐದು ಫಾರ್ವರ್ಡು, ನಡುವೆ ಮೂರು ಹಾಫು, ಹಿಂದೆ ಎರಡು ಬ್ಯಾಕು, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಗೋಲ್‌ಕೀಪರ. ಹೆಚ್ಚು ಓಡುವವರಿಗೆ ಹೆಚ್ಚು ಬಲ ಬೇಕೆಂಬ ನ್ಯಾಯದಿಂದ ಫಾರ್ವರ್ಡುಗಳಿಗೆ ತಲಾ ಆರು ಹೋಳಿಗೆ, ಹಾಫುಗಳಿಗೆ ಐದು, ಬ್ಯಾಕುಗಳಿಗೆ ನಾಲ್ಕು. ಗೋಲ್‌ಕೀಪರ ನಿಂತಲ್ಲೇ ನಿಲ್ಲುವವನಾದ್ದರಿಂದ ಮೂರು. ಆಮೇಲೆ ಅವನ ಮನಸ್ಸಿಗೆ ನೋವಾಗಬಾರದೆಂದು ಮತ್ತೆ ಮೂರು. ತುಪ್ಪ ಹಾಕುತ್ತಿದ್ದುದು ಚಮಚದಿಂದಲ್ಲ, ತಂಬಿಗೆಯಿಂದ. ಯಾರಾದರೂ ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೆ ಸಿದ್ದಲಿಂಗಪ್ಪ ಕೈಯ ಮೇಲೆಯೇ ಸುರಿಯುತ್ತಿದ್ದ. "ನನ್ನ ಆಣಿ ಐತಿ, ಇದೊಂದು" ಎಂಬ ಮಾತಿಗೆ ಕಮರಿಪೇಟೆಯಲ್ಲಿ ಮೇಲ್ಮನವಿ ಇರಲಿಲ್ಲ. ಸೋತ ವಾರದ ಮುಂದಿನ ಮ್ಯಾಚಿಗೆ, ಹುಡುಗರು ಸೊರಗಿದ್ದಾರೆಂದು, ಒಂದೊಂದು ಹೋಳಿಗೆ ಜಾಸ್ತಿ. ಎರಡು ವರ್ಷದಿಂದ ಸಂಘ ಸೋಲುತ್ತಲೇ ಬಂದಿತ್ತು. ಹೋಳಿಗೆಯೂ ಏರುತ್ತಲೇ ಬಂದಿತ್ತು.

ಟೊಪ್ಪಿಗೆ ಒಗೆದ ಮಾರನೆಯ ದಿನ ರಸೂಲಸಾಬನ ಚಹಾದ ಅಂಗಡಿಯಲ್ಲಿ ಅಭಿಮಾನಿಗಳ ಮಹಾಸಭೆ ಕೂಡಿತು. (ಮಹಾಸಭೆ ಎಂದರೆ ಎರಡು ಬಾಕಿನ ಮೇಲೆ ಕೂತಷ್ಟು ಜನ.) ವಿಷಯ: ಸಂಘದ ಅವನತಿಯಲ್ಲಿ ಮ್ಯಾನೇಜರನ ಪಾತ್ರ.

ಮೊದಲು ಬಾಯಿ ತೆರೆದವನು ಗೌಸಮೊದ್ದೀನ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ, ಹತ್ತು ವರ್ಷದ ಹಿಂದೆ ಸಂಘದ ಗೋಲ್‌ಕೀಪರ, ಮುಂದಿನ ಎರಡು ಹಲ್ಲನ್ನು ಸಂಘಕ್ಕೆ ಅರ್ಪಿಸಿದವ.

"ತಪ್ಪು ಚೆಂಡಿಂದೈತಿ" ಎಂದ. "ನಮ್ಮ ಕಾಲದಾಗ ಚೆಂಡು ಕಲ್ಲಿನಂಗ ಇರ್ತಿತ್ತು. ಬಂತಂದರ ಸೀದಾ ಎದ್ಯಾಗ ಕೂಡ್ತಿತ್ತು."

"ನಿನ್ನ ಬಾಯಾಗ ಕೂತಿತ್ತು" ಎಂದ ರಸೂಲಸಾಬ, ಚಹಾ ಸೋಸುತ್ತ.

ಸಿದ್ದಲಿಂಗಪ್ಪ ಮೇಜು ಕುಟ್ಟಿದ. ನಾಲ್ಕು ಕಪ್ಪುಗಳು ಬಸಿಯ ಸಮೇತ ಎದ್ದು ಕೂತವು. "ಚೆಂಡಿಗೆ ಬುದ್ಧಿ ಇರ್ತೈತೇನು? ಬುದ್ಧಿ ಮ್ಯಾನೇಜರಗ ಇರಬೇಕು. ಮಾಸ್ತರ್ರ, ಓದ್ರಿ ಅದನ್ನ."

ಶಾಂತಯ್ಯ ಮಾಸ್ತರರು ಪ್ರತಿ ಮ್ಯಾಚನ್ನೂ ವಹಿಯಲ್ಲಿ ಬರೆದಿಡುವವರು. ಕನ್ನಡಕ ಏರಿಸಿ, ಹಾಜರಿ ಕರೆಯುವ ದನಿಯಲ್ಲಿ ಓದಿದರು: "ಎರಡು ವರ್ಷದಲ್ಲಿ ಹದಿನಾಲ್ಕು ಪಂದ್ಯ. ಮೊದಲನೆಯ ಹಾಫಿನಲ್ಲಿ ನಾವು ಹೊಡೆದದ್ದು ಹನ್ನೊಂದು, ಬಿಟ್ಟದ್ದು ನಾಲ್ಕು. ಎರಡನೆಯ ಹಾಫಿನಲ್ಲಿ ಹೊಡೆದದ್ದು ಸೊನ್ನೆ, ಬಿಟ್ಟದ್ದು ಮೂವತ್ತೊಂದು."

"ಕೇಳಿದ್ರಿಲ್ಲ? ಇನ್ನೇನು ಬೇಕು ಸಾಕ್ಷಿ?" ಸಿದ್ದಲಿಂಗಪ್ಪ ಎದ್ದೇ ನಿಂತ. "ಮೊದಲನೇ ಹಾಫಿನ್ಯಾಗ ಹುಲಿಗೋಳು. ಎರಡನೇದ್ರಾಗ ಹುಣಸಿಹಣ್ಣಿನ ಮೂಟಿಗೋಳು. ನಡುವ ಹತ್ತು ಮಿನಿಟು ಏನಾತು? ಹಾಫ್‌ಟೈಮ್ ಆತು. ಹಾಫ್‌ಟೈಮಿನ್ಯಾಗ ಹುಡುಗರ ಹತ್ರ ಯಾರಿದ್ರು? ಅಂವ ಒಬ್ಬನ ಇದ್ದ. ಒಬ್ಬೊಬ್ಬರನ್ನ ಬಾಜೂಕ ಕರದು ಕಿವ್ಯಾಗ ಏನೋ ಊದ್ತಾನ, ಕೈಯಾಗ ಏನೋ ಇಡ್ತಾನ. ನಾನ ಕಣ್ಣಾರೆ ಕಂಡೇನಿ. ಅಲ್ಲಿಂದ ಮುಂದ ಹುಡುಗರು ನಿದ್ದಿಗಣ್ಣಾಗ ಆಡ್ತಾರ."

"ನಿದ್ದಿಗಣ್ಣಾಗ ಅಲ್ರಿ ಸಾವಕಾರ್ರ" ಎಂದ ರಸೂಲಸಾಬ. "ನಿನ್ನೆ ರೈಟ್ ಬ್ಯಾಕು ಗಂಗಪ್ಪ ಖರೇನ ಮಲಗಿದ್ದ. ಗೋಲಿನ ಕಂಬಕ್ಕ ಬೆನ್ನ ಕೊಟ್ಟು ಗೊರಕಿ ಹೊಡಿಯಾಕತ್ತಿದ್ದ. ಚೆಂಡು ಬಂದು ಹೊಟ್ಟಿಗೆ ಬಡೀತು ನೋಡ್ರಿ, 'ಸಾಕ್ರಿ, ಇನ್ನ ಹಿಡ್ಯಾಂಗಿಲ್ಲ' ಅಂದು ಮತ್ತ ಮಲಗಿದ."

"ಆಟಗಾರ ನಿದ್ದಿ ಹತ್ತಿ ಬಿದ್ದಾಗ ಎಬ್ಬಸೂದು ಯಾರ ಕೆಲಸ? ಮ್ಯಾನೇಜರಂದು. ಎಬ್ಬಸಾಕ ಬರದವ ಮ್ಯಾನೇಜರ ಯಾಕಿರಬೇಕು?"

ರಸೂಲಸಾಬ ಮೆಲ್ಲಗೆ, "ನಿಮ್ಮ ಮನಿಯವರ ತಮ್ಮ ಅದಾರ್ರಿ..." ಎಂದ.

"ಸಂಬಂಧ ಮನ್ಯಾಗ. ಮೈದಾನದಾಗ ನ್ಯಾಯ. ಮಾಸ್ತರ್ರ, ಬರೀರಿ ಠರಾವು."

ಸಿದ್ದಲಿಂಗಪ್ಪ ಹೇಳಿದ, ಶಾಂತಯ್ಯ ಮಾಸ್ತರರು ಅದನ್ನು ಗ್ರಂಥದ ಕನ್ನಡಕ್ಕೆ ಏರಿಸಿ ಬರೆದರು: 'ಸಂಘದ ಅವನತಿಗೆ ಕಾರಣನಾದವನು, ಅವನು ಯಾರೇ ಇರಲಿ, ಯಾರ ಸಂಬಂಧಿಕನೇ ಇರಲಿ, ಸಂಘವು ವಿಧಿಸಿದ ಶಿಕ್ಷೆಯನ್ನು ತುಟಿ ಬಿಚ್ಚದೆ ಅನುಭವಿಸತಕ್ಕದ್ದು.' 'ಅಡಿವೆಪ್ಪ' ಎಂದೇ ಬರೆಯಬಾರದೇ ಎಂದು ಗೌಸಮೊದ್ದೀನ ಕೇಳಿದ. ಹೆಸರು ಬರೆದರೆ ಹೆಂಡತಿ ಓದಿಯಾಳು ಎಂಬ ಒಂದೇ ಕಾರಣಕ್ಕೆ ಸಿದ್ದಲಿಂಗಪ್ಪ ಬೇಡವೆಂದ. ಮೊದಲ ಸಹಿ ಅವನದೇ. ಮೂರು ಜನರ ಸಹಿಯ ಜಾಗ ಅದಕ್ಕೊಂದಕ್ಕೇ ಹಿಡಿಯಿತು. ಹೊಸ ಮ್ಯಾನೇಜರ ಸಿಗುವವರೆಗೆ ಆ ಭಾರವನ್ನು ತಾನೇ ಹೊರುವುದಾಗಿಯೂ ಒಪ್ಪಿಕೊಂಡ. (ಯಾರೂ ಕೇಳಿರಲಿಲ್ಲ.)

ಸಂಜೆ ಅಡಿವೆಪ್ಪನಿಗೆ ಕರೆ ಹೋಯಿತು. ಬಂದವನು ಪಡಸಾಲೆಯ ತುದಿಯಲ್ಲಿ ಕೂತ. ಸಿದ್ದಲಿಂಗಪ್ಪ ಠರಾವನ್ನು ಎರಡು ಸಲ ಓದಿದ: ಒಮ್ಮೆ ಅವನಿಗೆ, ಒಮ್ಮೆ ತನ್ನ ಸಂತೋಷಕ್ಕೆ.

"ಮಾಮಾರ, ಒಂದು ಮಾತು ಹೇಳ್ಲ್ಯಾ?"

"ಹೇಳಬ್ಯಾಡ. ಎರಡು ವರ್ಷ ಕಿವ್ಯಾಗ ಹೇಳೀದಿ, ಅದರ ಫಲ ಉಣ್ಣಾಕತ್ತೇವಿ."

ಅಡಿವೆಪ್ಪ ಅಕ್ಕನ ಕಡೆ ನೋಡಿದ. ಅಕ್ಕ ಮೂಲೆಯಲ್ಲಿದ್ದ ತುಪ್ಪದ ತಂಬಿಗೆಯ ಕಡೆ ನೋಡಿದಳು. ಅವನು ಕೊರಳಿನ ಸೀಟಿಯನ್ನು ತೆಗೆದು ಹಾಸುಗಂಬಳಿಯ ಮೇಲಿಟ್ಟು, "ಆತ್ರಿ ಮಾಮಾರ, ಬರ್ತೇನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಅವನು ಓಣಿ ದಾಟಿದ ಮೇಲೆ ಮುರಿಗೆವ್ವ ಗಂಡನ ಕಡೆ ತಿರುಗಿದಳು.

"ತಪ್ಪು ಇಲ್ಲದವನ್ನ ಹೊರಗ ಹಾಕಿದ್ರಿ."

"ತಪ್ಪು ಇಲ್ಲದಿದ್ದರ ಬಾಯಿ ಬಿಟ್ಟು ಹೇಳ್ತಿದ್ದ."

"ಹೇಳಾಕ ಬಿಟ್ರೇನು? ಅಂವ ಬಾಯಿ ಬಿಡದ್ದು ಯಾರ ಮರ್ಯಾದಿಗಂತ ನಿಮಗ ತಿಳದಿದ್ದರ ಇಷ್ಟೊತ್ತಿಗೆ ಶೀಲ್ಡು ಮನ್ಯಾಗ ಇರ್ತಿತ್ತು. ಇರ್ಲಿ. ನನ್ನ ತಮ್ಮ ಮ್ಯಾನೇಜರ ಇಲ್ಲದ ಕ್ಲಬ್ಬಿಗೆ ನನ್ನ ಒಲಿ ಹತ್ತೂದಿಲ್ಲ."

"ಹತ್ತದಿದ್ದರ ಬಿಡು. ಹೋಳಿಗಿ ಮಾಡೂದೇನು ಬ್ರಹ್ಮವಿದ್ಯೇನು?"

ಈ ಮಾತು ತಪ್ಪಾಯಿತೆಂದು ಅವನಿಗೆ ಶನಿವಾರ ಗೊತ್ತಾಯಿತು. ಅಂದು ಬೆಳಗಿನ ಬಸ್ಸಿಗೆ ಮುರಿಗೆವ್ವ ತವರುಮನೆ ಉಪ್ಪಿನಬೆಟಗೇರಿಗೆ ಹೊರಟುಹೋದಳು. ಹೋಗುವಾಗ ಲಟ್ಟಣಿಗೆಯನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋದಳು.

ಐತವಾರ ಗದಗಿನವರೊಡನೆ ಶೀಲ್ಡಿನ ಸೆಮಿಫೈನಲ್ಲು; ಆ ವರ್ಷ ಶೀಲ್ಡಿಗೆ ಹೆಸರು ಕೊಟ್ಟದ್ದೇ ನಾಲ್ಕು ತಂಡವಾದ್ದರಿಂದ ಸಂಘದ ಮೊದಲ ಪಂದ್ಯವೂ ಅದೇ. ಸೋತರೆ ಶೀಲ್ಡಿನ ಆಸೆ ಈ ವರ್ಷಕ್ಕೂ ಮುಗಿದಂತೆ. ಆದರೆ ಬೆಳಿಗ್ಗೆ ಎದ್ದ ಸಿದ್ದಲಿಂಗಪ್ಪನ ತಲೆಯಲ್ಲಿ ಗದಗಿನವರಿರಲಿಲ್ಲ. ಹನ್ನೆರಡು ಗಂಟೆಗೆ ಬಂದು ಕೂಡುವ ಹನ್ನೊಂದು ಖಾಲಿ ಎಲೆಗಳಿದ್ದವು. ಡಬ್ಬಿಗಟ್ಟಲೆ ತುಪ್ಪವಿತ್ತು, ಪೆಂಟೆಗಟ್ಟಲೆ ಬೆಲ್ಲವಿತ್ತು, ಮಾಡುವ ಕೈ ಇರಲಿಲ್ಲ. ಧೋತರ ಎತ್ತಿ ಕಟ್ಟಿ ತಾನೇ ಒಲೆಯ ಮುಂದೆ ಕೂತ. ಮೊದಲನೆಯ ಹೋಳಿಗೆ ಹಂಚನ್ನು ಹಿಡಿದದ್ದು ಬಿಡಲಿಲ್ಲ. ಎರಡನೆಯದು ಮೊದಲನೆಯದನ್ನು ಹಿಡಿಯಿತು. ಹತ್ತೂವರೆಗೆ ಕೈ ಸುಟ್ಟುಕೊಂಡು, ಹಂಚನ್ನು ಹಿತ್ತಲಿಗೆ ಒಗೆದು, ಹೆಂಡತಿಯ ತವರಿನ ಮೂರು ತಲೆಮಾರನ್ನು ನೆನೆಯುತ್ತಿದ್ದಾಗ ಬಾಜೂ ಮನೆಯ ಸಂಗವ್ವ ಗೋಡೆಯ ಮೇಲಿಂದ ಇಣುಕಿದಳು.

"ಏನ್ ಸುಡಾಕತ್ತೀರಿ ಅಣ್ಣಾರ? ಓಣಿ ತುಂಬ ಹೊಗಿ ಆಗೇತಿ."

"ನನ್ನ ಮರ್ಯಾದಿ ಸುಡಾಕತ್ತೇನವ್ವಾ."

ಸಂಗವ್ವ ತನ್ನ ಮನೆಯಲ್ಲಿದ್ದ ಜೋಳದ ರೊಟ್ಟಿಗಳನ್ನೂ ಒಂದು ಗಡಿಗೆ ಮಜ್ಜಿಗೆಯನ್ನೂ ಕೊಟ್ಟಳು. ತಲೆಗೊಂದೊಂದು ರೊಟ್ಟಿ, ಒಂದು ಉಳ್ಳಾಗಡ್ಡಿ, ಚಿಟಿಕೆ ಶೇಂಗಾಚಟ್ನಿ, ಒಂದು ವಾಟಗ ಮಜ್ಜಿಗೆ. ಹುಲಿಗಳಿಗೆ ಹುಲ್ಲು ಹಾಕಿದಂತೆ ಆಯಿತಲ್ಲ ಎಂದು ಸಿದ್ದಲಿಂಗಪ್ಪನ ಕಣ್ಣಲ್ಲಿ ನೀರು ಬಂತು. ಒಬ್ಬೊಬ್ಬನ ಎಲೆಯ ಮುಂದೆಯೂ ನಿಂತು ಕೈ ಮುಗಿದ: "ಇದೊಂದು ದಿವಸ ಹೊಟ್ಟಿಗೆ ಹಾಕ್ಕೋರಿ ನನ್ನ ತಪ್ಪನ್ನ." ಆಟಗಾರರು ರೊಟ್ಟಿ ಮುರಿಯುತ್ತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೆಂಟರ್ ಫಾರ್ವರ್ಡ್ ಸೋಮಪ್ಪನ ಮುಖದಲ್ಲಿ, ಶಾಲೆಗೆ ಸೂಟಿ ಸಿಕ್ಕವನ ಕಳೆ ಇತ್ತು. ಅದನ್ನು ಸಿದ್ದಲಿಂಗಪ್ಪ ದುಃಖವೆಂದು ತಿಳಿದ.

ಹಾಫ್‌ಟೈಮಿನಲ್ಲಿ ಆಟ ಒಂದಕ್ಕೊಂದು ಸಮ ಇತ್ತು. ಹೊಸ ಮ್ಯಾನೇಜರ ಮೀಸೆ ತಿರುವುತ್ತ ಹುಡುಗರ ನಡುವೆ ಹೋಗಿ ನಿಂತ. ವಾರವೆಲ್ಲ ಸಿದ್ಧ ಮಾಡಿದ್ದ ವೀರಭಾಷಣ ಬಾಯಿಯವರೆಗೆ ಬಂತು. ಆ ಸಪ್ಪೆ ಊಟ ನೆನಪಾಗಿ ಅಲ್ಲೇ ನಿಂತಿತು. "ಹಸದೀರಿ, ನನಗ ಗೊತ್ತೈತಿ. ಹೆಂಗರ ಮಾಡಿ ನಿಂತು ಮುಗಿಸ್ರಿ" ಎಂದಷ್ಟೇ ಹೇಳಿ ಮುಖ ತಿರುಗಿಸಿದ.

ಎರಡನೆಯ ಹಾಫಿನಲ್ಲಿ ತರುಣ ಸಂಘ ನಾಲ್ಕು ಗೋಲು ಹೊಡೆಯಿತು. ಗಂಗಪ್ಪ ಮಲಗುವುದಿರಲಿ, ತನ್ನ ಜಾಗ ಬಿಟ್ಟು ಎದುರಿನವರ ಗೋಲಿನವರೆಗೆ ಓಡಿಹೋಗಿ, ಅಷ್ಟು ದೂರ ತಾನು ಹೇಗೆ ಬಂದೆನೆಂದು ತಾನೇ ಗಾಬರಿಯಾಗಿ ನಿಂತ.

ಅಂದು ರಸೂಲಸಾಬನ ಅಂಗಡಿಗೆ ಸಿದ್ದಲಿಂಗಪ್ಪ ನಡೆದು ಬರಲಿಲ್ಲ, ಬಿಜಯಂಗೈದ.

"ಏನಂದಿದ್ದೆ ನಾನು? ಮ್ಯಾನೇಜರ ಬದಲಾದ, ಆಟ ಬದಲಾತು. ಬರೀರಿ ಮಾಸ್ತರ್ರ ನಿಮ್ಮ ವಹಿಯೊಳಗ. ದಪ್ಪ ಅಕ್ಷರದಾಗ ಬರೀರಿ."

ಶಾಂತಯ್ಯ ಮಾಸ್ತರರು ಬರೆಯಲು ಹೊರಟು ಪೆನ್ನು ನಿಲ್ಲಿಸಿದರು. "ಎರಡನೆಯ ಹಾಫಿನಲ್ಲಿ ನಾಲ್ಕು ಗೋಲು. ಎರಡು ವರ್ಷದಲ್ಲಿ ಇದೇ ಮೊದಲು. ಹಾಫ್‌ಟೈಮಿನಲ್ಲಿ ಏನು ಹೇಳಿದಿರಿ ಸಿದ್ದಲಿಂಗಪ್ಪನವರೇ? ದಾಖಲೆಗೆ ಬೇಕು."

ಸಿದ್ದಲಿಂಗಪ್ಪ ಕೆಮ್ಮಿದ. "ಅದು ಗುಟ್ಟಿನ ಮಾತು."

"ಹಸದೀರಿ ಅಂದ್ರಿ" ಎಂದ ಸೋಮಪ್ಪ. ಅವನು ಎರಡನೆಯ ಬಾಕಿನ ತುದಿಯಲ್ಲಿ ಕೂತು ಬಿಸ್ಕೀಟು ಅದ್ದುತ್ತಿದ್ದ. ಗೆದ್ದ ಖುಷಿಯಲ್ಲಿ ಅವನ ಬಾಯಿಗೆ ಕದವಿರಲಿಲ್ಲ. "ಖರೇ ಹೇಳ್ತೇನ್ರಿ ಸಾವಕಾರ್ರ, ಹಸದಿದ್ದಿಲ್ಲ. ಹಗುರ ಆಗಿತ್ರಿ. ಎರಡು ವರ್ಷದ ಮ್ಯಾಲೆ ಇವತ್ತ ಎರಡನೇ ಹಾಫಿನ್ಯಾಗ ಬಗ್ಗಿದರ ನನ್ನ ಕಾಲು ನನಗ ಕಂಡೂವು."

ಒಲೆಯ ಮೇಲೆ ಚಹಾ ಉಕ್ಕಿತು, ರಸೂಲಸಾಬ ಇಳಿಸಲಿಲ್ಲ.

"ಅಂದರ, ಅಡಿವೆಪ್ಪ ನಿಮ್ಮ ಕಿವ್ಯಾಗ ಏನ್ ಹೇಳ್ತಿದ್ದ?" ಎಂದು ಗೌಸಮೊದ್ದೀನ ಕೇಳಿದ.

"'ಅಗೀರಿ' ಅಂತಿದ್ರು."

"ಏನನ್ನ?"

"ಓಮಿನಕಾಳು. ಚೀಟಿ ಕಟ್ಟಿ ಕಿಸೆದಾಗ ತರ್ತಿದ್ರು. ಒಬ್ಬೊಬ್ಬರಿಗೆ ಕೈಯಾಗ ಇಟ್ಟು 'ಅಗೀರಿ, ತಿಂದದ್ದು ಇಳದು ಡೇಕರಿಕಿ ಬಂದರ ಓಡಾಕ ಬರ್ತೈತಿ' ಅಂತಿದ್ರು. ಊಟ ಕಡಿಮಿ ಮಾಡ್ಲಿಕ್ಕೆ ನೀವರ ಹೇಳ್ರಿ ಅಂದರ, 'ನಮ್ಮ ಮಾಮಾರ ಪ್ರೀತಿಲೆ ಬಡಸ್ತಾರ, ಅವರ ಮನಸ್ಸು ಮುರಿಯಾಕ ನನ್ನ ಕೈಲೆ ಆಗೂದಿಲ್ಲ, ಸೋತದ್ದು ನನ್ನ ತಲಿ ಮ್ಯಾಲೆ ಬರ್ಲಿ' ಅಂದ್ರು."

ಸಿದ್ದಲಿಂಗಪ್ಪ ಮೇಜು ಕುಟ್ಟಲು ಕೈ ಎತ್ತಿದ. ಕುಟ್ಟಲು ಕಾರಣ ಸಿಗದೆ ಕೈ ಮೇಲೆಯೇ ನಿಂತಿತು. "ಏನ್ ಹೇಳ್ತೀರಿ ನೀವೆಲ್ಲ? ನಾನು ಕೈಯಾರೆ ಹೋಳಿಗಿ ಬಡಿಸಿ ಸಂಘ ಮುಳುಗಿಸಿದೆ ಅಂತೀರೇನು? ತುಪ್ಪಕ್ಕ ಹೆಸರು ಇಡ್ತೀರಿ?"

"ನಾವೇನೂ ಅನ್ನುವುದಿಲ್ಲ" ಎಂದರು ಶಾಂತಯ್ಯ ಮಾಸ್ತರರು. ವಹಿಯ ಹಿಂದಿನ ಪುಟ ತಿರುವಿದರು. "ಠರಾವು ಅನ್ನುತ್ತದೆ. 'ಅವನು ಯಾರೇ ಇರಲಿ, ಯಾರ ಸಂಬಂಧಿಕನೇ ಇರಲಿ...' ಮೊದಲನೆಯ ಸಹಿ ಓದಲೋ?"

ಓದುವ ಅವಶ್ಯಕತೆ ಇರಲಿಲ್ಲ. ಅದು ಬಾಗಿಲಿನಿಂದಲೇ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ಸಿದ್ದಲಿಂಗಪ್ಪ ಉಪ್ಪಿನಬೆಟಗೇರಿಗೆ ಹೋಗಿ ಹೆಂಡತಿಯನ್ನೂ ಲಟ್ಟಣಿಗೆಯನ್ನೂ ಕರೆತಂದ. ಸಂಜೆ ಅಡಿವೆಪ್ಪನ ಮನೆಗೆ ಹೋಗಿ ಸೀಟಿಯನ್ನು ಅವನ ಕೈಯಲ್ಲಿಟ್ಟ. "ತಗೋ. ನನಗೇನು ಗೊತ್ತು? ನೀನರ ಹೇಳಬೇಕಿಲ್ಲ? ತಪ್ಪು ನಿಂದೂ ಐತಿ." ಇಷ್ಟನ್ನು ಕ್ಷಮೆ ಎಂದೇ ಅಡಿವೆಪ್ಪ ಸ್ವೀಕರಿಸಿದ. ಶಿಕ್ಷೆ ಹೇಳುವ ಅಧಿಕಾರವನ್ನು ಸಂಘ ಅವನಿಗೇ ಕೊಟ್ಟಿತ್ತು.

"ಇನ್ನು ಮ್ಯಾಲೆ ಊಟ ಬಂದ್ ಮಾಡು ಅಂತಿ. ಹೇಳಿಬಿಡು" ಎಂದ ಸಿದ್ದಲಿಂಗಪ್ಪ.

"ಛೇ ಛೇ, ಬಂದ್ ಯಾಕ ಮಾಡೋಣ್ರಿ ಮಾಮಾರ? ಬರೂ ಐತಾರ ಫೈನಲ್ಲು. ಬೆಳಗಾವಿಯ ಸ್ಟಾರ್ ಕ್ಲಬ್ಬಿನವರು ಮುಂಜಾನೆ ಗಾಡಿಗೆ ಬಂದಿಳೀತಾರ. ಪರಊರವರು, ಈ ಊರಾಗ ಅವರಿಗೆ ಯಾರದಾರ? ಅವರ ಊಟ ನಿಮ್ಮ ಮನ್ಯಾಗ ಇಡೋಣು."

"ಮತ್ತ ನಮ್ಮ ಹುಡುಗರು?"

"ನಮ್ಮ ಮನ್ಯಾಗ. ರೊಟ್ಟಿ, ಮಜ್ಜಿಗಿ."

ತಿಳಿಯಲು ಸಿದ್ದಲಿಂಗಪ್ಪನಿಗೆ ಒಂದು ಗಳಿಗೆ ಬೇಕಾಯಿತು. ತಿಳಿದಾಗ ಮುಖ ಕೆಂಡವಾಯಿತು. ನೇರ ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದ. "ಇದು ಮೋಸ ಐತಿ. ನನ್ನ ಹೋಳಿಗಿ ಅಂದರ ಏನು ಗುಂಡು ಮದ್ದೇನು, ವೈರಿ ಮ್ಯಾಲೆ ಬಿಡಾಕ?"

"ಮನಿಗೆ ಬಂದವರಿಗೆ ಹೋಳಿಗಿ ಹಾಕೂದು ಯಾವ ಊರಾಗ ಮೋಸರಿ?" ಎಂದಳು ಮುರಿಗೆವ್ವ. "ಬೇಕಾದರ ಕಡಿಮಿ ಬಡಸ್ರಿ. ಯಾರು ಒತ್ತಾಯ ಮಾಡಂತಾರ ನಿಮಗ?"

ಹಾಗೇ ಮಾಡುವುದೆಂದು ಅವನು ನಿಶ್ಚಯಿಸಿದ. ತಲೆಗೆರಡೇ. ತುಪ್ಪ ಚಮಚದಿಂದ. ಒತ್ತಾಯವಿಲ್ಲ. ಧರ್ಮಯುದ್ಧ.

ಐತವಾರ ಬೆಳಗಾವಿಯ ಹನ್ನೊಂದು ಜನ ಬಂದು ಎಲೆಯ ಮುಂದೆ ಕೂತರು. ಎರಡೆರಡು ಹೋಳಿಗೆ ಬಡಿಸಿಯಾಯಿತು. ಸಿದ್ದಲಿಂಗಪ್ಪ ಕೈ ಕಟ್ಟಿ ನಿಂತ. ಆಗ ಅವರ ಕ್ಯಾಪ್ಟನ್ನು ಬಹಳ ಮರ್ಯಾದೆಯಿಂದ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕ್ರಿ, ಆಡೋದೈತಿ" ಎಂದ.

ಸಾಕಂತೆ. ಸಿದ್ದಲಿಂಗಪ್ಪನ ಪಡಸಾಲೆಯಲ್ಲಿ, ಸಿದ್ದಲಿಂಗಪ್ಪನ ತುಪ್ಪಕ್ಕೆ, ಎರಡು ಹೋಳಿಗೆಗೆ ಸಾಕಂತೆ. ಅವನ ನೆತ್ತಿಗೆ ರಕ್ತ ಏರಿತು. "ಯಾಕ್ರಿ, ನಮ್ಮ ತುಪ್ಪ ನಿಮ್ಮೂರಿನವರ ನಾಲಿಗಿಗೆ ಸೇರೂದಿಲ್ಲೇನು? ಬೆಳಗಾವಿಗೆ ಹೋಗಿ ಹುಬ್ಬಳ್ಳ್ಯಾಗ ಅರಹೊಟ್ಟಿ ಎಬ್ಬಿಸಿದ್ರು ಅಂತ ಹೇಳಾವ್ರ ಅದೀರೇನು? ನನ್ನ ಆಣಿ ಐತಿ, ಇದೊಂದು." ತಂಬಿಗೆ ತಾನಾಗಿ ಕೈಗೆ ಬಂತು. ಅತಿಥಿಗಳಿಗೆ ಸಂಕೋಚವಾಗಬಾರದೆಂದು ಆಮೇಲೆ ತಾನೂ ಎಲೆ ಹಾಕಿಸಿಕೊಂಡು ಅವರ ಎದುರಿಗೇ ಕೂತ. ಅವರು ಒಂದು ತಿಂದರೆ ತಾನೊಂದು. ಕ್ಯಾಪ್ಟನ್ನು ಏಳಕ್ಕೆ ಕೈ ಮುಗಿದಾಗ ಇವನದು ಎಂಟಾಗಿತ್ತು.

ಮೂರೂವರೆಗೆ ಅತಿಥಿಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಟಾಂಗಾ ಹತ್ತಿದರು. ಮ್ಯಾಚು ನಾಲ್ಕೂವರೆಗೆ. ಇನ್ನೂ ಒಂದು ತಾಸು ಇದೆಯಲ್ಲ ಎಂದು ಸಿದ್ದಲಿಂಗಪ್ಪ ಟೊಪ್ಪಿಗೆ ಹಾಕಿಕೊಂಡು, ಒಂದು ಎಲೆಯಡಿಕೆ ಮೆಲ್ಲಲು ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತ.

ಹಲಗೆ ಬಾರಿಸುವ ಸದ್ದಿಗೆ ಕಣ್ಣು ಬಿಟ್ಟಾಗ ಅಂಗಳದಲ್ಲಿ ಕಮರಿಪೇಟೆಯೇ ನಿಂತಿತ್ತು. ಶೀಲ್ಡು ಸೋಮಪ್ಪನ ತಲೆಯ ಮೇಲಿತ್ತು. ಅಡಿವೆಪ್ಪ ಗೌಸಮೊದ್ದೀನನ ಹೆಗಲ ಮೇಲಿದ್ದ, ಮೈಯೆಲ್ಲ ಗುಲಾಲು. ಐದಕ್ಕೆ ಒಂದು. ಐದೂ ಎರಡನೆಯ ಹಾಫಿನಲ್ಲಿ. ಎರಡು ವರ್ಷ ಯಾವ ಸಂಜೆಗಾಗಿ ಸಿದ್ದಲಿಂಗಪ್ಪ ಹಲ್ಲು ಕಡಿದಿದ್ದನೋ ಆ ಸಂಜೆ ಅವನ ಮನೆಯ ಮುಂದಿನ ದಾರಿಯಲ್ಲೇ ಹಾದು, ಮೈದಾನಕ್ಕೆ ಹೋಗಿ, ಗೆದ್ದು, ತಿರುಗಿ ಬಂದಿತ್ತು.

ರೈಟ್ ಬ್ಯಾಕು ಗಂಗಪ್ಪ ಮುಂದೆ ಬಂದು ಕಂಬವನ್ನೂ ಸಿದ್ದಲಿಂಗಪ್ಪನನ್ನೂ ನೋಡಿದ. ಬಲ್ಲವನಾದ್ದರಿಂದ ಅವನು ನಗಲಿಲ್ಲ; ಹೆಗಲ ಮೇಲೆ ಕೈಯಿಟ್ಟು, "ಹಂಗ ಆಗ್ತೈತ್ರಿ ಸಾವಕಾರ್ರ, ಕಣ್ಣ ತೆರೀಬೇಕಂತ ಇರ್ತೈತಿ, ರೆಪ್ಪಿ ಏಳೂದಿಲ್ಲ" ಎಂದ.

ಮುರಿಗೆವ್ವ ಒಳಗಿನಿಂದ ಬಂದು ಗಂಡನ ಅಂಗೈಯಲ್ಲಿ ಚಿಟಿಕೆ ಓಮಿನಕಾಳು ಇಟ್ಟು, "ಅಗೀರಿ" ಎಂದಳು.

ಸಿದ್ದಲಿಂಗಪ್ಪ ಅಗಿದ. ಅಗಿಯುತ್ತಲೇ ಹೆಗಲ ಮೇಲಿನ ಅಡಿವೆಪ್ಪನನ್ನು ಕೆಂಗಣ್ಣಿನಿಂದ ನೋಡಿ, ಊರೆಲ್ಲ ಕೇಳುವಂತೆ ಹೇಳಿದ:

"ಎಬ್ಬಸಬೇಕಿತ್ತಿಲ್ಲ? ಎಬ್ಬಸೂದು ಮ್ಯಾನೇಜರನ ಕೆಲಸ."